ಎಂಟು ನಿಮಿಷದ ಕರುಣೆ

ಹೊರದೇಶದಲ್ಲಿ ವೈದ್ಯಕೀಯ ಓದಿ ಬ್ರಿಟನ್ನಿನಲ್ಲಿ ಕೆಲಸ ಮಾಡಬಯಸುವವರಲ್ಲಿ ಬಹಳಷ್ಟು ಜನ ಪ್ಲ್ಯಾಬ್ ಎಂಬ ಪರೀಕ್ಷೆ ಬರೆಯುತ್ತಾರೆ. ಅದರ ಮೊದಲ ಭಾಗ ನಮಗೆಲ್ಲ ಗೊತ್ತಿರುವಂಥದ್ದೇ: 3 ಗಂಟೆ, 180 ಪ್ರಶ್ನೆ, ಸರಿಯುತ್ತರಕ್ಕೊಂದು ಗುರುತು. ಎರಡನೆಯ ಭಾಗ ಮ್ಯಾಂಚೆಸ್ಟರಿನಲ್ಲಿ ಮಾತ್ರ ನಡೆಯುತ್ತದೆ. ಅದು ಬರೆಯುವ ಪರೀಕ್ಷೆಯಲ್ಲ, ಮಾಡಿ ತೋರಿಸುವ ಪರೀಕ್ಷೆ. ಒಂದರ ನಂತರ ಒಂದು, 16 ನಿಲ್ದಾಣಗಳು. ಹೊರಗೆ ಒಂದು ಚೀಟಿ, ಅದನ್ನು ಓದಲು ಒಂದೂವರೆ ನಿಮಿಷ. ಒಳಗೆ ಹೋದರೆ ಒಬ್ಬ ರೋಗಿ ಕುಳಿತಿರುತ್ತಾನೆ. ರೋಗಿಯೆಂದರೆ ಹೆಚ್ಚಿನ ಸಲ ರೋಗಿಯ ಪಾತ್ರಧಾರಿ. ಅವನ ಜೊತೆ 8 ನಿಮಿಷ. ಪಕ್ಕದಲ್ಲಿ ಪರೀಕ್ಷಕರು ಸುಮ್ಮನೆ ನೋಡುತ್ತಿರುತ್ತಾರೆ. ಪ್ರತಿ ನಿಲ್ದಾಣದಲ್ಲೂ ಮೂರು ಬಗೆಯ ಅಂಕಗಳು: ವಿವರ ಕೇಳಿ ಪರೀಕ್ಷಿಸಿದ್ದಕ್ಕೆ, ಮುಂದಿನ ಚಿಕಿತ್ಸೆ ನಿರ್ಧರಿಸಿದ್ದಕ್ಕೆ, ರೋಗಿಯೊಡನೆ ಮನುಷ್ಯನಾಗಿ ನಡೆದುಕೊಂಡದ್ದಕ್ಕೆ.

ಮೂರನೆಯದೇ ನನ್ನ ತಲೆ ಕೆಡಿಸಿದ್ದು. ನಾನು ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿ. ಸದ್ಗುಣವನ್ನು ಕಲಿಸಬಹುದೇ ಎಂಬ ಹಳೆಯ ಪ್ರಶ್ನೆಯನ್ನು ಪುಸ್ತಕಗಳಲ್ಲಿ ಬೇಕಾದಷ್ಟು ಸಲ ಓದಿದ್ದೇನೆ. ಆದರೆ ಅದಕ್ಕೆ ಅಂಕ ಕೊಡುವವರಿದ್ದಾರೆ, ಗಡಿಯಾರ ಇಟ್ಟು ಕೊಡುತ್ತಾರೆ ಎಂದು ಗೊತ್ತಾದದ್ದು ನನ್ನ ಚಿಕ್ಕಪ್ಪನ ಮಗ ಈ ಪರೀಕ್ಷೆಗೆ ತಯಾರಾಗತೊಡಗಿದ ಮೇಲೆ. ಕರುಣೆಗೆ ಅಂಕ ಕೊಡಬಹುದೇ? ಅಂಕಕ್ಕಾಗಿ ತೋರಿಸಿದ ಕರುಣೆಯನ್ನು ಸುಳ್ಳು ಎನ್ನಬೇಕೇ?

ಈ ಬಗೆಯ ಪರೀಕ್ಷೆ ಹುಟ್ಟಿದ್ದು ನ್ಯಾಯದ ಆಸೆಯಿಂದ ಎನ್ನುವುದನ್ನು ಮೊದಲು ಹೇಳಬೇಕು. ಹಿಂದೆ ವೈದ್ಯ ವಿದ್ಯಾರ್ಥಿಗೆ ವಾರ್ಡಿನಲ್ಲಿದ್ದ ಯಾವುದೋ ಒಬ್ಬ ರೋಗಿಯನ್ನು ಕೊಟ್ಟು, ಯಾರೋ ಒಬ್ಬ ಪರೀಕ್ಷಕರ ಮುಂದೆ ನಿಲ್ಲಿಸುತ್ತಿದ್ದರು. ಒಬ್ಬನಿಗೆ ಮಾತುಗಾರ ರೋಗಿ, ಇನ್ನೊಬ್ಬನಿಗೆ ಬಾಯಿಬಿಡದ ರೋಗಿ. ಒಬ್ಬನಿಗೆ ಸಮಾಧಾನದ ಪರೀಕ್ಷಕ, ಇನ್ನೊಬ್ಬನಿಗೆ ಮೂಗಿನ ತುದಿಯಲ್ಲೇ ಸಿಟ್ಟಿರುವವನು. ಪಾಸಾಗುವುದರಲ್ಲಿ ಅದೃಷ್ಟದ ಪಾಲು ಸಾಕಷ್ಟಿತ್ತು. ಸ್ಕಾಟ್ಲೆಂಡಿನ ಡಂಡೀಯಲ್ಲಿದ್ದ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ ಹೊಸ ಕ್ರಮವೊಂದನ್ನು ಪ್ರಕಟಿಸಿದರು: ಎಲ್ಲರಿಗೂ ಒಂದೇ ಸಾಲು ನಿಲ್ದಾಣಗಳು, ಒಂದೇ ಸಮಯ, ಮೊದಲೇ ಗೊತ್ತುಮಾಡಿದ ಪಟ್ಟಿ. ಇದಕ್ಕೂ ಮೊದಲು, 1963ರಲ್ಲಿ, ಲಾಸ್ ಏಂಜಲೀಸಿನಲ್ಲಿ ಹೊವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು ಆರೋಗ್ಯವಂತರಿಗೆ ರೋಗಿಯ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದ್ದರು. ಈ ಎರಡೂ ಕೂಡಿದಾಗ ನೋವನ್ನು ಒಂದೇ ಅಳತೆಗೆ ಹೊಲಿದು ಎಲ್ಲರಿಗೂ ಹಂಚುವುದು ಸಾಧ್ಯವಾಯಿತು. ಬದುಕಿನಲ್ಲಿ ಇಬ್ಬರ ನೋವು ಒಂದೇ ಇರುವುದಿಲ್ಲ. ಪರೀಕ್ಷೆಯಲ್ಲಿ ಎಲ್ಲರಿಗೂ ಸಿಗುವ ನೋವು ಒಂದೇ ಆಗಿರಬೇಕು. ಈ ಇಕ್ಕಟ್ಟು ಅದರ ಹುಟ್ಟಿನಲ್ಲೇ ಇದೆ.

ಇನ್ನು ನಮ್ಮವರ ದಾರಿ. ಹೊರದೇಶದಲ್ಲಿ ಓದಿ ಬಂದವರಿಗೆ ಭಾರತದಲ್ಲಿ 2002ರಿಂದ ಒಂದು ತಪಾಸಣಾ ಪರೀಕ್ಷೆಯಿದೆ. ಎಫ್‌ಎಂಜಿಇ ಎನ್ನುತ್ತಾರೆ. 300 ಪ್ರಶ್ನೆ, 150 ಬಂದರೆ ಪಾಸು. ಅದರಲ್ಲಿ ರೋಗಿಯೇ ಇಲ್ಲ, ಮುಟ್ಟಿ ನೋಡುವ ಪ್ರಶ್ನೆಯೂ ಇಲ್ಲ. ಅದರ ಬದಲಿಗೆ ಬರಬೇಕಿದ್ದ ನೆಕ್ಸ್ಟ್ ಪರೀಕ್ಷೆಯ ಎರಡನೆಯ ಹಂತ ಪ್ರಾಯೋಗಿಕವಾಗಿರಬೇಕು ಎಂದು ಯೋಜಿಸಲಾಗಿತ್ತು. 2023ರ ಜುಲೈನಲ್ಲಿ ಅದನ್ನು ಮುಂದೂಡಿದರು.

ಇಷ್ಟು ಹುಡುಗರು ಯಾಕೆ ಹೋಗುತ್ತಾರೆ ಎಂದು ಕೇಳುವವರು ನವೀನ್ ಶೇಖರಪ್ಪ ಗ್ಯಾನಗೌಡರ್ ಅವರನ್ನು ನೆನೆಯಬೇಕು. ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ. ಒಳ್ಳೆಯ ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲವೆಂದು ತಂದೆ ಆಗ ಹೇಳಿದ್ದನ್ನು ನಾವೆಲ್ಲ ಕೇಳಿದೆವು. 2022ರ ಮಾರ್ಚ್ 1ರಂದು ಖಾರ್ಕೀವ್‌ನಲ್ಲಿ ದಾಳಿಗೆ ಸಿಕ್ಕಿ ಅವರು ತೀರಿಕೊಂಡರು. ದೇಹ ಊರಿಗೆ ಬಂದ ಮೇಲೆ ಮನೆಯವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಈ ಹುಡುಗರಲ್ಲಿ ಹೆಚ್ಚಿನವರು ಶ್ರೀಮಂತರ ಮಕ್ಕಳಲ್ಲ. ಹೊಲ, ಒಡವೆ, ಅಪ್ಪನ ನಿವೃತ್ತಿ ದುಡ್ಡು, ಇವು ಒಂದೊಂದು ಸೆಮಿಸ್ಟರಿನ ಹೆಸರಿನಲ್ಲಿ ಕರಗಿರುತ್ತವೆ. ಹಾಗಾಗಿ 8 ನಿಮಿಷದಲ್ಲಿ ತೋರಿಸಬೇಕಾದ ಆ ಕರುಣೆಯ ಹಿಂದೆ ಒಂದು ಮನೆಯ ಸಾಲ ನಿಂತಿರುತ್ತದೆ.

ನಮ್ಮ ಮನೆಯದೂ ಹಾಗೇ. ನಮ್ಮೂರು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ. ರೇಷ್ಮೆ ಸೀರೆ ನೇಯುವ ಊರು. ಚಿಕ್ಕಪ್ಪನ ಮನೆಯಲ್ಲೂ ಮಗ್ಗವಿದೆ. ಮಗ ಕಿರ್ಗಿಸ್ತಾನದಲ್ಲಿ ಓದಿ ಬಂದ, ಎರಡನೆಯ ಸಲಕ್ಕೆ ಇಲ್ಲಿನ ಪರೀಕ್ಷೆ ಪಾಸಾದ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿದ, ಈಗ ಮ್ಯಾಂಚೆಸ್ಟರಿನ ಕಡೆ ನೋಡುತ್ತಿದ್ದಾನೆ. ಅಭ್ಯಾಸಕ್ಕೆ ಒಬ್ಬ ರೋಗಿ ಬೇಕಲ್ಲ, ರಜೆಗೆ ಊರಿಗೆ ಹೋದಾಗಲೆಲ್ಲ ನಾನೇ ಆ ರೋಗಿ. ನನಗೆ ಎದೆನೋವು ಬಂದಿದೆ, ಗರ್ಭಪಾತವಾಗಿದೆ, ಕುಡಿತ ಬಿಡಲಾಗದೆ ಒದ್ದಾಡಿದ್ದೇನೆ. ಪಕ್ಕದ ಕೋಣೆಯಲ್ಲಿ ಮಗ್ಗ ಸದ್ದು ಮಾಡುತ್ತಿರುವಾಗ ಅವನು ಸ್ವಲ್ಪ ಮುಂದಕ್ಕೆ ಬಾಗಿ ‘ಐ ಯಾಮ್ ಸೋ ಸಾರಿ ಟು ಹಿಯರ್ ದಟ್’ ಎನ್ನುತ್ತಾನೆ. ಆಮೇಲೆ ಎರಡು ಸೆಕೆಂಡು ಮೌನ. ಆ ಮೌನವೂ ಅಭ್ಯಾಸದ್ದೇ.

ಇದರ ಬಗ್ಗೆ ಮೊದಲ ಆಕ್ಷೇಪ ನಮ್ಮ ನೆಲದಿಂದಲೇ ಎದ್ದು ಬರುತ್ತದೆ. ಅಂತರಂಗ ಬಹಿರಂಗ ಎರಡೂ ಒಂದಾಗಿರಬೇಕು ಎಂದು ಶರಣರು ಪಟ್ಟುಹಿಡಿದ ನಾಡು ನಮ್ಮದು. ಒಳಗಿಲ್ಲದ್ದನ್ನು ಹೊರಗೆ ತೋರುವುದಕ್ಕೆ ನಾವು ಡಂಭ ಎಂಬ ಹೆಸರಿಟ್ಟಿದ್ದೇವೆ. ಹಾಗೆ ನೋಡಿದರೆ ಅಭ್ಯಾಸ ಮಾಡಿದ ಮರುಕ ಡಂಭದ ಶುದ್ಧ ಮಾದರಿ. ಎದುರಿಗಿರುವವನಿಗೆ ರೋಗವಿಲ್ಲ, ಮಾತಾಡುವವನಿಗೆ ಮರುಕವಿಲ್ಲ, ಇಬ್ಬರಿಗೂ ಇದು ಗೊತ್ತು, ಆದರೂ ಅಂಕ ಬೀಳುತ್ತದೆ.

ಆದರೆ ಇದೇ ಆಕ್ಷೇಪವನ್ನು ಊರಿನ ಬದುಕಿನ ಮೇಲೆ ಇಟ್ಟು ನೋಡಿ. ಯಾರದೋ ಮನೆಯಲ್ಲಿ ಸಾವಾದರೆ ನಾವು ‘ಮಾತಾಡಿಸಿಕೊಂಡು ಬರೋಣ’ ಎಂದು ಹೋಗುತ್ತೇವೆ. ಅಲ್ಲಿ ಆಡುವ ಮಾತು ಎಲ್ಲರಿಗೂ ಗೊತ್ತಿರುವ ನಾಲ್ಕೈದೇ. ಹೆಂಗಾಯ್ತು, ಯಾವಾಗಾಯ್ತು, ನಮ್ಮ ಕೈಲೇನೈತೆ, ಧೈರ್ಯ ತಂದ್ಕೋ. ಹೋದವರೆಲ್ಲರ ಎದೆಯೂ ಆ ಕ್ಷಣ ಒಡೆದಿರುತ್ತದೆಯೇ? ಇಲ್ಲ. ಮಧ್ಯಾಹ್ನದ ಬಸ್ಸಿನ ಯೋಚನೆಯಲ್ಲಿರುವವರೂ ಇರುತ್ತಾರೆ. ಹಾಗೆಂದು ಅವರು ಸುಳ್ಳಾಡಿದರು ಎಂದು ಯಾರೂ ಹೇಳುವುದಿಲ್ಲ. ಹೋಗದೆ ಉಳಿದವನನ್ನು ಮಾತ್ರ ವರ್ಷಗಟ್ಟಲೆ ನೆನಪಿಡುತ್ತಾರೆ. ಭಾವ ಬಂದಾಗ ಮಾತ್ರ ಮರುಕ ತೋರಿಸುತ್ತೇವೆ ಎಂದಿದ್ದರೆ ಎಷ್ಟೋ ಸಾವಿನ ಮನೆಗಳ ಜಗುಲಿ ಖಾಲಿ ಉಳಿಯುತ್ತಿತ್ತು. ಆ ಸಿದ್ಧ ಮಾತುಗಳು ನಮ್ಮ ಭಾವದ ವರದಿಯಲ್ಲ. ನಿನ್ನ ದುಃಖಕ್ಕೆ ನಾನು ಲೆಕ್ಕ ಕೊಡಬೇಕಾದವನು ಎಂಬ ಒಪ್ಪಿಗೆ.

ವೈದ್ಯನಿಗಂತೂ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ದಿನಕ್ಕೆ ನೂರು ಜನರನ್ನು ನೋಡುವವನು ನೂರು ಸಲ ಒಳಗಿನಿಂದ ಮರುಗಬೇಕು ಎಂದರೆ ಸಂಜೆಗೆ ಅವನೇ ರೋಗಿಯಾಗುತ್ತಾನೆ. ತೊಂಬತ್ತನೆಯವಳಿಗೂ ಮೊದಲನೆಯವಳಿಗೆ ಸಿಕ್ಕ ಮರ್ಯಾದೆ ಸಿಗಬೇಕಾದರೆ ಅದು ರೂಢಿಯಲ್ಲಿರಬೇಕು, ಆ ಹೊತ್ತಿನ ಮನಸ್ಥಿತಿಯಲ್ಲಲ್ಲ. ವೀಣೆ ನುಡಿಸುತ್ತ ನುಡಿಸುತ್ತ ವೈಣಿಕನಾಗುವ ಹಾಗೆ ನ್ಯಾಯದ ಕೆಲಸ ಮಾಡುತ್ತ ಮಾಡುತ್ತ ನ್ಯಾಯವಂತನಾಗುತ್ತಾನೆ ಎಂಬುದು ಅರಿಸ್ಟಾಟಲನ ವಾದದ ತಿರುಳು. ನಮ್ಮಲ್ಲಿ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಾಸಕ್ಕೆಂದೇ ಒಂದು ಅಧ್ಯಾಯವಿದೆ: ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು, ಕಟ್ಟು ಕಟ್ಟುವುದನ್ನು ಬೊಂಬೆಯ ಮೇಲೆ. ಕುಂಬಳಕಾಯಿಗೆ ನೋವಾಗುವುದಿಲ್ಲ ಎಂದು ಆ ಅಭ್ಯಾಸವನ್ನು ಯಾರೂ ಮೋಸ ಎನ್ನಲಿಲ್ಲ. ಕೈಗೆ ಕುಂಬಳಕಾಯಿ ಇರಬಹುದಾದರೆ ನಾಲಿಗೆಗೂ ಕಿವಿಗೂ ಒಂದು ಕುಂಬಳಕಾಯಿ ಯಾಕಿರಬಾರದು? ನಮ್ಮ ಚಿಕ್ಕಪ್ಪನ ಮಗನ ಪಾಲಿಗೆ ಆ ಕುಂಬಳಕಾಯಿ ನಾನು.

ಇಷ್ಟಾದರೂ ಒಂದು ಮುಳ್ಳು ಉಳಿಯುತ್ತದೆ. ಸಾವಿನ ಮನೆಯ ಮಾತು ದುಃಖದಲ್ಲಿರುವವರ ಕಡೆ ಮುಖ ಮಾಡಿರುತ್ತದೆ. ಪರೀಕ್ಷೆಯ ಮಾತಿನ ಮುಖ ಪಕ್ಕದಲ್ಲಿ ಕುಳಿತ ಪರೀಕ್ಷಕನ ಕಡೆಗಿರುತ್ತದೆ. ಎರಡೂ ಕಲಿತ ಮಾತುಗಳೇ, ವ್ಯತ್ಯಾಸವಿರುವುದು ಅವು ನೋಡುತ್ತಿರುವ ದಿಕ್ಕಿನಲ್ಲಿ. ಆ ದಿಕ್ಕು ತಪ್ಪಿರುವುದು ಗೊತ್ತಾಗುವುದು ಹೇಗೆ? ರೋಗಿಯಾಗಿ ಕುಳಿತ ನನಗೆ ಅದು ಬಲು ಸುಲಭವಾಗಿ ಗೊತ್ತಾಗುತ್ತಿತ್ತು. ‘ಸಾರಿ’ ಹೇಳಿದ ಮೇಲೆ ಅವನು ನನ್ನ ಉತ್ತರಕ್ಕೆ ಕಾಯುತ್ತಾನೋ, ಪಟ್ಟಿಯ ಮುಂದಿನ ಪ್ರಶ್ನೆಗೆ ಜಿಗಿಯುತ್ತಾನೋ ಎಂಬುದರಲ್ಲಿ ಎಲ್ಲವೂ ಇತ್ತು. ಆದ್ದರಿಂದ ಅವನ ಒಳಗೆ ಭಾವವಿದೆಯೇ ಎಂದು ಹುಡುಕುವ ಬದಲು, ನನ್ನ ಉತ್ತರದಿಂದ ಅವನ ಮುಂದಿನ ಪ್ರಶ್ನೆ ಬದಲಾಯಿತೇ ಎಂದು ನೋಡುವುದು ಒಳ್ಳೆಯದು. ಕರುಣೆಯ ನಿಜವಾದ ಗುರುತು ಎದುರಿನವರು ನಮ್ಮನ್ನು ಬದಲಾಯಿಸಲು ನಾವು ಕೊಟ್ಟ ಅವಕಾಶ ಎಂದು ನನಗನ್ನಿಸತೊಡಗಿದೆ.

ಇದು ಬರೀ ನಯವಿನಯದ ಮಾತಲ್ಲ. ನಕ್ಷೆಯಲ್ಲಿ ಪಾವಗಡ ತಾಲ್ಲೂಕನ್ನು ನೋಡಿದರೆ ಬಹುತೇಕ ಎಲ್ಲ ಕಡೆಯೂ ಆಂಧ್ರವೇ. ನಮ್ಮಲ್ಲಿ ಶಾಲೆಗೆ ಕನ್ನಡ, ಎಷ್ಟೋ ಮನೆಗಳ ಅಡುಗೆಮನೆಗೆ ತೆಲುಗು. ಬಾಯಿಯಲ್ಲಿ ಎರಡೂ ಕಲಸಿಕೊಂಡಿರುತ್ತವೆ. ‘ಆಯಾಸ’ ಎಂಬ ಒಂದೇ ಪದ ತೆಗೆದುಕೊಳ್ಳಿ. ಕನ್ನಡದವರಿಗೆ ಅದು ದಣಿವು, ಸುಸ್ತು. ತೆಲುಗಿನವರ ಬಾಯಲ್ಲಿ ಅದು ಏದುಸಿರು, ಉಸಿರು ಸಾಲದಿರುವುದು. ಒಬ್ಬ ಅಜ್ಜಿ ಬಂದು ‘ಆಯಾಸ ಕಣಪ್ಪಾ’ ಎಂದರೆ ಒಂದು ದಾರಿ ರಕ್ತಹೀನತೆಯ ಕಡೆಗೆ ಹೋಗಬಹುದು, ಇನ್ನೊಂದು ಹೃದಯ ಅಥವಾ ಶ್ವಾಸಕೋಶದ ಕಡೆಗೆ. ಆಕೆ ಯಾವ ಭಾಷೆಯ ಆಯಾಸ ಹೇಳುತ್ತಿದ್ದಾಳೆ ಎಂದು ನಿಂತು ಕೇಳದವನು ಅವಮರ್ಯಾದೆ ಮಾತ್ರ ಮಾಡುತ್ತಿಲ್ಲ, ರೋಗವನ್ನೇ ತಪ್ಪಾಗಿ ಗುರುತಿಸುತ್ತಿದ್ದಾನೆ. ಒಂದು ಸಂಜೆ ಇಂಗ್ಲಿಷ್ ರೋಗಿ ಸಾಕೆಂದು ನಾನು ನಮ್ಮೂರಿನ ಮುದುಕಿಯಾದೆ. ಮಂಡಿ ಮಡಚಲು ಬರುವುದಿಲ್ಲ, ಬೆನ್ನು ಬಗ್ಗುವುದಿಲ್ಲ ಎಂದೆ. ಅವನು ಪಟ್ಟಿ ಬಿಟ್ಟು ಮೊದಲ ಬಾರಿಗೆ ಕೇಳಿದ: ‘ಯಾವ ಬೋರಿನ ನೀರು ಕುಡೀತೀಯಜ್ಜಿ?’ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ ಒಂದೂವರೆ ಮಿಲಿಗ್ರಾಮು ಮೀರಬಾರದು ಎನ್ನುತ್ತಾರೆ. ನಮ್ಮ ತಾಲ್ಲೂಕಿನ ಎಷ್ಟೋ ಕೊಳವೆಬಾವಿಗಳು ಆ ಗೆರೆ ದಾಟಿದವು. ಹಲ್ಲಿನ ಕಂದು ಕಲೆ, ಬಿಗಿದ ಕೀಲು ಇಲ್ಲಿ ಹೊಸ ಸುದ್ದಿಯಲ್ಲ. ಆ ಒಂದು ಪ್ರಶ್ನೆಯಲ್ಲಿ ಮೂರು ವಿಭಾಗದ ಅಂಕಗಳೂ ಒಂದಾಗಿದ್ದವು. ವಿವರ ಸಂಗ್ರಹ ಎಲ್ಲಿ ಮುಗಿಯಿತು, ಮನುಷ್ಯತ್ವ ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸಲು ನನಗಾಗಲಿಲ್ಲ.

ಇಲ್ಲಿಂದ ಇನ್ನೊಂದು ಪ್ರಶ್ನೆ ಏಳುತ್ತದೆ: ಯಾರ ಕರುಣೆಯ ರೂಪ ಇದು? ‘ಸಾರಿ ಟು ಹಿಯರ್ ದಟ್’ ಎಂಬುದನ್ನು ಕನ್ನಡಕ್ಕೆ ತಂದು ‘ಕ್ಷಮಿಸಿ’ ಎಂದರೆ ನಮ್ಮಜ್ಜಿ ಗಾಬರಿಯಾಗಿ, ಡಾಕ್ಟರು ಏನೋ ಎಡವಟ್ಟು ಮಾಡಿದ್ದಾರೆ ಎಂದುಕೊಂಡಾಳು. ನಮ್ಮ ಕಡೆ ಮರುಕ ಬೇರೆ ವೇಷದಲ್ಲಿ ಬರುತ್ತದೆ: ಯಾವೂರು, ಜೊತೇಲಿ ಯಾರು ಬಂದವ್ರೆ, ಊಟ ಆಯ್ತಾ, ಬಸ್ಸು ಎಷ್ಟೊತ್ತಿಗೆ. ಮ್ಯಾಂಚೆಸ್ಟರಿನ ಪಟ್ಟಿಯಲ್ಲಿ ಇವಕ್ಕೆ ಅಂಕವಿರಲಾರದು. ಅದನ್ನು ನಾನು ಅನ್ಯಾಯ ಎನ್ನುವುದಿಲ್ಲ. ಅಲ್ಲಿನ ರೋಗಿಗೆ ತನಗೆ ಅರ್ಥವಾಗುವ ರೂಪದಲ್ಲಿ ಮರ್ಯಾದೆ ಪಡೆಯುವ ಹಕ್ಕಿದೆ. ಅಲ್ಲಿಗೆ ಹೋಗುವವನು ಅದನ್ನು ಕಲಿಯಲೇಬೇಕು. ಅಮೆರಿಕದಲ್ಲಿ ಇಂಥದ್ದೇ ಪರೀಕ್ಷೆಯೊಂದನ್ನು 2020ರಲ್ಲಿ ಕೋವಿಡ್ ಕಾರಣಕ್ಕೆ ತಡೆಹಿಡಿದು 2021ರ ಜನವರಿಯಲ್ಲಿ ಪೂರ್ತಿ ಕೈಬಿಟ್ಟರು. ಆಗಲೂ ಹೊರದೇಶದಲ್ಲಿ ಓದಿದವರಿಗೆ ವೈದ್ಯರ ಇಂಗ್ಲಿಷಿನ ಪರೀಕ್ಷೆಯೊಂದನ್ನು ಕಡ್ಡಾಯ ಮಾಡಿದರು. ರೋಗಿಯ ಮಾತು ವೈದ್ಯನಿಗೆ ತಿಳಿಯಬೇಕು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಅದೇ ಹಕ್ಕು ಹೊಸಕೋಟೆಯ ಅಜ್ಜಿಗೂ ಇದೆಯಲ್ಲ ಎಂಬುದೇ ನನ್ನ ಸಂಕಟ. ನಮ್ಮ ಹುಡುಗ ಕಿರ್ಗಿಸ್ತಾನದ ರೋಗಿಗಳಿಗಾಗಿ ಒಂದಿಷ್ಟು ರಷ್ಯನ್ ಕಲಿತ, ಮ್ಯಾಂಚೆಸ್ಟರಿಗಾಗಿ ಇಂಗ್ಲಿಷಿನ ಮೌನವನ್ನೂ ಕಲಿಯುತ್ತಿದ್ದಾನೆ. ನಡುವೆ, ಅವನು ಹುಟ್ಟಿದ ಊರಿನ ರೋಗಿಗಳನ್ನು ನೋಡಲು ಅವನಿಗೆ ಅನುಮತಿ ಕೊಟ್ಟ ಪರೀಕ್ಷೆಯಲ್ಲಿ 300 ಪ್ರಶ್ನೆಗಳಿದ್ದವು, ಒಂದು ಮಾತೂ ಇರಲಿಲ್ಲ. ಯಾವ ರೋಗಿಯ ದುಃಖವನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು ಎಂದು ಒಂದು ದೇಶ ಪರೀಕ್ಷೆ ಇಟ್ಟು ನೋಡುತ್ತದೋ, ಆ ರೋಗಿಯನ್ನು ಅದು ಬೆಲೆಯುಳ್ಳವನೆಂದು ಸಾರುತ್ತದೆ. ಪರೀಕ್ಷಿಸದೆ ಬಿಟ್ಟಾಗಲೂ ಅದು ಏನನ್ನೋ ಸಾರುತ್ತಿರುತ್ತದೆ.

ಅವನು ಹೋಗುವುದು ಸರಿಯೇ ಎಂದು ಮನೆಯಲ್ಲಿ ಆಗಾಗ ಮಾತು ಬರುತ್ತದೆ. ಸಾಲ ತೀರಿಸಬೇಕಾದವನಿಗೆ ತ್ಯಾಗದ ಪಾಠ ಹೇಳುವ ಯೋಗ್ಯತೆ, ಊರು ಬಿಟ್ಟು ಪಟ್ಟಣದಲ್ಲಿ ಪ್ರಬಂಧ ಬರೆಯುತ್ತಿರುವ ನನಗಿಲ್ಲ. ಅವನ ಅಭ್ಯಾಸವನ್ನು ನಟನೆಯೆಂದು ಹಳಿಯುವುದನ್ನಂತೂ ನಾನು ಒಪ್ಪಲಾರೆ. ನಟನೆಯಿಂದ ಶುರುವಾದದ್ದು ಕಾಯುವುದನ್ನು ಕಲಿಸುತ್ತದೆ, ಕಾಯುವುದು ಕೇಳುವುದನ್ನು ಕಲಿಸುತ್ತದೆ. ಆ ಕೇಳುವಿಕೆ ಮ್ಯಾಂಚೆಸ್ಟರಿನ ಯಾವುದೋ ಮುದುಕನ ಪಾಲಾದರೂ ಅದು ವ್ಯರ್ಥವಲ್ಲ. ಆದರೆ ನಮ್ಮಲ್ಲೂ ಒಂದು ನಿಲ್ದಾಣ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ ಎಂದುಕೊಳ್ಳುತ್ತೇನೆ. ಅದಕ್ಕೆ ದೊಡ್ಡ ಕಟ್ಟಡ ಬೇಡ. ಒಂದು ಬೆಂಚು, ಎಂಟು ನಿಮಿಷ, ಆಯಾಸವಾಗುತ್ತಿದೆ ಎನ್ನುವ ಒಬ್ಬ ಹೆಂಗಸು. ಯಾವ ಆಯಾಸ ಎಂದು ಕೇಳಿ, ಅವಳು ಹೇಳಿ ಮುಗಿಸುವ ತನಕ ಕಾದವನು ಪಾಸು.