ಉರಿದ ಒಲೆ, ಅರಿಯದ ಕಾರಣ

ಕಳಸ, ಮೂಡಿಗೆರೆಯ ಕಾಫಿ ಗುಡ್ಡಗಳಲ್ಲಿ ಮಳೆಗಾಲ ಹಿಡಿದರೆ ಎದುರು ದಿಣ್ಣೆಯ ಮೇಲೆ ಏಳುವುದು ಹೊಗೆಯೋ ಮಂಜೋ ಹೇಳುವುದು ಕಷ್ಟ. ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ಪಂಡಿತರು, ಅನುಮಾನ ಪ್ರಮಾಣವನ್ನು (ಕಂಡ ಗುರುತಿನಿಂದ ಕಾಣದ್ದನ್ನು ತಿಳಿಯುವ ಬಗೆಯನ್ನು) ವಿವರಿಸಲು ಮತ್ತೆಮತ್ತೆ ಎತ್ತಿಕೊಳ್ಳುವ ನಿದರ್ಶನವೂ ಇಂಥದೇ: ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಈಗ ಒಬ್ಬ ಮಂಜನ್ನು ಹೊಗೆಯೆಂದು ತಪ್ಪಾಗಿ ಕಂಡು ಬೆಂಕಿಯಿದೆ ಎಂದುಕೊಂಡ ಎನ್ನೋಣ. ಹೋಗಿ ನೋಡಿದರೆ ಬೇರಾವುದೋ ಕಾರಣಕ್ಕೆ ಅಲ್ಲಿ ಬೆಂಕಿ ನಿಜವಾಗಿಯೂ ಇತ್ತು. ಅವನಿಗೆ ಬೆಂಕಿಯ ಜ್ಞಾನ ಆಗಿತ್ತೇ? ಹನ್ನೆರಡನೆಯ ಶತಮಾನದ ಶ್ರೀಹರ್ಷ ತನ್ನ ‘ಖಂಡನಖಂಡಖಾದ್ಯ’ದಲ್ಲಿ ಇಂಥ ಕಾಕತಾಳೀಯ ಸತ್ಯಗಳನ್ನು ಮುಂದಿಟ್ಟುಕೊಂಡೇ ಜ್ಞಾನದ ಲಕ್ಷಣಗಳನ್ನು ಒಡೆಯುತ್ತಾನೆ. ಈ ಪ್ರಶ್ನೆ ವಿದ್ವತ್ಸಭೆಗಷ್ಟೇ ಸೇರಿದ್ದಲ್ಲ. ಕೆಟ್ಟ ಸೀಮೆಎಣ್ಣೆ ಸ್ಟೌವನ್ನು ಬಿಚ್ಚಿ ಸರಿಮಾಡುವ ಪ್ರತಿಯೊಬ್ಬರ ಮುಂದೆಯೂ ಅದು ಬರುತ್ತದೆ. ಒಲೆ ಉರಿಯಿತು ಎಂದ ಮಾತ್ರಕ್ಕೆ ದೋಷ ತಿಳಿಯಿತು ಎನ್ನುವಂತಿಲ್ಲ. ತಿಳಿಯದೆ ತಿಳಿಯಿತು ಎನ್ನುವುದು ಸತ್ಯಕ್ಕೆ ಬಗೆಯುವ ದ್ರೋಹ ಎಂಬುದು ನನ್ನ ವಾದ.

ಪಂಪ್ ಸ್ಟೌ ನೀಲಿಯಾಗಿ ಉರಿಯಬೇಕಾದರೆ ಬರ್ನರ್ ಮೊದಲು ಚೆನ್ನಾಗಿ ಕಾದಿರಬೇಕು. ಆಗ ಸೀಮೆಎಣ್ಣೆ ಆವಿಯಾಗಿ, ನಿಪ್ಪಲ್ಲಿನ ಸಣ್ಣ ತೂತಿನಿಂದ ಚಿಮ್ಮಿ, ಗಾಳಿಯೊಂದಿಗೆ ಬೆರೆತು ಉರಿಯುತ್ತದೆ. ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹತ್ತಿತೆಂದರೆ ಕಾರಣಗಳು ಹಲವು. ಬರ್ನರ್ ಸಾಕಷ್ಟು ಕಾಯದಿರಬಹುದು, ಅದರೊಳಗೆ ಕಿಟ್ಟ ಕಟ್ಟಿರಬಹುದು, ಪಿನ್ನು ಹಾಕಿ ಹಾಕಿ ನಿಪ್ಪಲ್ಲಿನ ತೂತು ದೊಡ್ಡದಾಗಿರಬಹುದು. ಈಗ ಒಬ್ಬರು ಗಾಳಿ ಬಿಟ್ಟು, ಬರ್ನರ್ ಬಿಚ್ಚಿ, ಕಿಟ್ಟ ತೆಗೆದು, ಮತ್ತೆ ಜೋಡಿಸಿ ಹಚ್ಚುತ್ತಾರೆ. ನೀಲಿ ಜ್ವಾಲೆ ಬರುತ್ತದೆ. ಕಿಟ್ಟವೇ ಕಾರಣವಾಗಿತ್ತು ಎಂದು ತೀರ್ಮಾನವಾಗುತ್ತದೆ. ಆದರೆ ಅಷ್ಟೆಲ್ಲ ಮಾಡಿದವರು ಹೊಸದಾಗಿ ಹಚ್ಚುವಾಗ ಬರ್ನರನ್ನು ತಾಳ್ಮೆಯಿಂದ ಕಾಯಿಸಿಯೂ ಇರುತ್ತಾರೆ. ನಿಜವಾದ ದೋಷ ದಿನವೂ ಅವಸರದಲ್ಲಿ ಹಚ್ಚುವುದೇ ಆಗಿದ್ದರೆ? ಒಲೆ ಸರಿಹೋಯಿತು, ಕಾರಣ ಮಾತ್ರ ಕೈತಪ್ಪಿತು. ಇಲ್ಲಿ ಬೇಕಾದದ್ದು ಶಾಸ್ತ್ರ ಹೇಳುವ ಅನ್ವಯ–ವ್ಯತಿರೇಕ: ಇದು ಇದ್ದಾಗ ಅದು ಇದೆಯೇ, ಇದು ಇಲ್ಲದಾಗ ಅದೂ ಇಲ್ಲವೇ? ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದವರಿಗೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ.

ಕೆಲಸ ಆಯಿತಲ್ಲ, ಇನ್ನೇಕೆ ಈ ಚರ್ಚೆ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಶಾಸ್ತ್ರದ ಬೆಂಬಲವೂ ಇರುವಂತೆ ಕಾಣುತ್ತದೆ: ಪ್ರಮಾಣದ ಬೆಲೆ ತಿಳಿಯುವುದು ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದಾಗ ಎನ್ನುತ್ತಾನೆ ನ್ಯಾಯಭಾಷ್ಯದ ವಾತ್ಸ್ಯಾಯನ. ಆದರೆ ಫಲವೆಂದರೆ ಯಾವುದು? ಜ್ವಾಲೆ ಕಾಣುವುದಷ್ಟೇ ಫಲವಲ್ಲ. ಆ ಕೋಣೆಯಲ್ಲಿ ಉಸಿರಾಡುವವರು ಕ್ಷೇಮವಾಗಿರುವುದೂ ಅದರಲ್ಲಿ ಸೇರಿದೆ. ಹೊಗೆಗೆ ಬೆಂಕಿಯೊಂದೇ ಸಾಲದು, ಹಸಿ ಸೌದೆಯೂ ಕೂಡಬೇಕು ಎಂದು ನೈಯಾಯಿಕರು ಎಚ್ಚರಿಸಿದ್ದಾರೆ. ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ, ಆದ್ದರಿಂದ ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು. ಹೊಗೆಯಿಲ್ಲ, ಆದ್ದರಿಂದ ಅಪಾಯವಿಲ್ಲ ಎನ್ನುವುದು ಅಷ್ಟೇ ದುರ್ಬಲ ಅನುಮಾನ. ಅರೆಬರೆ ಉರಿಯುವ ಸೀಮೆಎಣ್ಣೆಯಿಂದಲೂ ಅಗ್ಗಿಷ್ಟಿಕೆಯ ಕೆಂಡದಿಂದಲೂ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಳೆಯ ಥಂಡಿಗೆ ಬಾಗಿಲು ಕಿಟಕಿ ಮುಚ್ಚಿ ಮಲಗುವ ತೋಟದ ಲೈನ್ ಮನೆಯಲ್ಲಿ ತಪ್ಪು ತೀರ್ಮಾನದ ಬೆಲೆ ತೆರುವವರು ತೀರ್ಮಾನ ಮಾಡಿದವರೇ ಆಗಿರಬೇಕೆಂದಿಲ್ಲ. ಪಕ್ಕದಲ್ಲಿ ಮಲಗಿದ ಮಗು ಯಾವ ತರ್ಕವನ್ನೂ ಮಾಡಿರುವುದಿಲ್ಲ. ಆದ್ದರಿಂದ ಕಾರಣ ಹುಡುಕುವುದು ಬರಿಯ ಕುತೂಹಲವಲ್ಲ, ಅಹಿಂಸೆಯ ಭಾಗ.

ಲೌಕಿಕ ವಸ್ತುವಿನ ಈ ಜ್ಞಾನಕ್ಕೂ ಪರಮಾರ್ಥಕ್ಕೂ ಏನು ಸಂಬಂಧ ಎಂಬುದು ಇನ್ನೊಂದು ಆಕ್ಷೇಪ. ಕಳಸ, ಮೂಡಿಗೆರೆಗಳಿರುವ ಜಿಲ್ಲೆಯದೇ ಆದ ಶೃಂಗೇರಿ ಪೀಠ ಯಾರ ಪರಂಪರೆಯದೋ ಆ ಶಂಕರರೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂಬುದು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಅವರು ತಾಳುವ ನಿಲುವು. ಪ್ರತ್ಯಕ್ಷಕ್ಕೆ ಎಟುಕುವ ವಿಷಯದಲ್ಲಿ ಪ್ರತ್ಯಕ್ಷಕ್ಕೇ ಅಧಿಕಾರ. ಬ್ರಹ್ಮವನ್ನು ಅರಿಯಹೊರಟವರೂ ಬೆಂಕಿಯ ವಿಷಯದಲ್ಲಿ ಬೆಂಕಿಯನ್ನೇ ಕೇಳಬೇಕು. ಕಣ್ಣೆದುರಿನ ಜ್ವಾಲೆಯ ಬಗ್ಗೆ ಪ್ರಾಮಾಣಿಕವಾಗಿರದ ಮನಸ್ಸು ಕಣ್ಣಿಗೆ ಕಾಣದ್ದರ ಬಗ್ಗೆ ಪ್ರಾಮಾಣಿಕವಾಗಿರುತ್ತದೆಂದು ನಂಬುವುದು ಹೇಗೆ?

ಹಾಗಾದರೆ ಸಂದೇಹಕ್ಕೆ ಕೊನೆಯೆಲ್ಲಿ? ಎಷ್ಟು ಸಲ ಪರೀಕ್ಷಿಸಿದರೂ ಕಾಣದ ಇನ್ನೊಂದು ಕಾರಣ ಇರಬಹುದಲ್ಲ ಎಂದು ಚಾರ್ವಾಕನಂತೆ ಕೇಳುತ್ತಲೇ ಹೋಗಬಹುದು. ಇದಕ್ಕೆ ‘ನ್ಯಾಯಕುಸುಮಾಂಜಲಿ’ಯ ಉದಯನ ಒಂದು ಗೆರೆ ಎಳೆದಿದ್ದಾನೆ: ನಮ್ಮ ನಡತೆಗೇ ವಿರುದ್ಧವಾಗುವ ಕಡೆ ಸಂದೇಹ ನಿಲ್ಲುತ್ತದೆ. ಸೀಮೆಎಣ್ಣೆ ಉರಿಯುತ್ತದೋ ಇಲ್ಲವೋ ಎಂಬ ಶಂಕೆಯನ್ನು ಬೆಂಕಿಕಡ್ಡಿ ಗೀರುವವರು ಇಟ್ಟುಕೊಳ್ಳಲಾರರು. ಆದರೆ ತೂತು ದೊಡ್ಡದಾಗಿದೆಯೇ ಎಂಬ ಶಂಕೆ ಹಾಗಲ್ಲ. ನಿಪ್ಪಲ್ ಬದಲಿಸಬೇಕೋ ಬೇಡವೋ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಕೈಯ ಕೆಲಸವನ್ನು ಬದಲಿಸುವ ಸಂದೇಹ ಉಳಿದಿರುವವರೆಗೆ ಪರೀಕ್ಷೆ ಮುಗಿದಿಲ್ಲ. ಅಲ್ಲಿಯವರೆಗೆ ರಿಪೇರಿ ಮಾಡಿದವರು ಮನೆಯವರಿಗೆ ಹೇಳಬೇಕಾದ ಸತ್ಯ ಇಷ್ಟೇ: ಒಲೆ ಉರಿಯುತ್ತಿದೆ, ಏಕೆ ಕೆಟ್ಟಿತ್ತೆಂದು ಇನ್ನೂ ಗೊತ್ತಾಗಿಲ್ಲ, ಕಿಟಕಿ ತೆರೆದಿಡಿ, ಹಚ್ಚಿಟ್ಟು ಮಲಗಬೇಡಿ. ಇಷ್ಟನ್ನು ಒಪ್ಪಿ ಹೇಳುವವರು ಪೂರ್ತಿ ತಿಳಿದವರಲ್ಲದಿರಬಹುದು. ಆದರೆ ತಮ್ಮ ತಿಳಿವಳಿಕೆಯ ಗಡಿ ಅವರಿಗೆ ಗೊತ್ತಿದೆ, ಇನ್ನೊಬ್ಬರ ಜೀವವನ್ನು ಆ ಗಡಿಯ ಆಚೆಗೆ ಅವರು ಒಡ್ಡುವುದಿಲ್ಲ.