ವಿಷವನ್ನರಿಯುವ ವಿವೇಕ

ದ್ವೇಷವನ್ನೇ ಧರ್ಮವೆಂದು ಬೋಧಿಸುವ ಗ್ರಂಥಗಳನ್ನು ಸಜ್ಜನರು ಓದಬಹುದೇ ಎಂಬುದು ವಿಚಾರಣೀಯವಾದ ಪ್ರಶ್ನೆ. ದುರ್ವಚನವನ್ನು ಕೇಳಿದ ಮಾತ್ರಕ್ಕೆ ಮನಸ್ಸು ಮಲಿನವಾಗುವುದೆಂದು ಕೆಲವರು ಹೇಳುವರು. ಹಿಂಸಾಮಾರ್ಗಿಗಳನ್ನು ಅರಿಯಬೇಕಾದರೆ ಅವರಿಗೆ ಬೋಧಿಸಿದವರ ಬರಹವನ್ನೇ ನೋಡಬೇಕೆಂದು ಮತ್ತೆ ಕೆಲವರ ಮತ. ಎರಡೂ ಪಕ್ಷಗಳಲ್ಲಿ ಸತ್ಯಾಂಶವುಂಟು. ಆದುದರಿಂದ ಒಂದು ದೃಷ್ಟಾಂತದ ಮೂಲಕ ವಿಚಾರಿಸುವುದು ಲೇಸು.

ಜರ್ಮನಿಯಲ್ಲಿ ಹಿಟ್ಲರನು 1923ರಲ್ಲಿ ದಂಗೆಯೆದ್ದು ಸೋತು, ಮರುವರ್ಷ ಸೆರೆಮನೆಯಲ್ಲಿದ್ದಾಗ ‘ಮೈನ್ ಕಾಂಫ್’ ಎಂಬ ಗ್ರಂಥವನ್ನು ಬರೆಯತೊಡಗಿದನು. ಅದರ ಎರಡು ಸಂಪುಟಗಳು 1925 ಮತ್ತು 1926ರಲ್ಲಿ ಪ್ರಕಟವಾದುವು. ಯೆಹೂದ್ಯರ ಮೇಲಣ ದ್ವೇಷ, ಪೂರ್ವದ ದೇಶಗಳ ನೆಲದ ಮೇಲಣ ಆಸೆ, ಕೆಲವೇ ಮಾತುಗಳನ್ನು ಪದೇ ಪದೇ ಹೇಳಿ ಜನರನ್ನು ವಶಮಾಡಿಕೊಳ್ಳುವ ಉಪಾಯ, ಇವೆಲ್ಲವೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಇದ್ದುವು. ಆದರೂ ಅದನ್ನು ಬರಿಯ ಪ್ರಲಾಪವೆಂದು ಬದಿಗೊತ್ತಿದ ವಿದ್ಯಾವಂತರು ಅನೇಕರು. ಮುಂದೆ ನಡೆದುದೆಲ್ಲವೂ ಅಲ್ಲಿ ಬರೆದಿತ್ತೆಂದಲ್ಲ. ದಿಕ್ಕು ಮಾತ್ರ ಸ್ಪಷ್ಟವಾಗಿತ್ತು. ಕಡೆಗೆ ಸುಮಾರು 60 ಲಕ್ಷ ಯೆಹೂದ್ಯರು ಕೊಲೆಗೀಡಾದರು. ಓದದಿರುವುದೂ ಒಂದು ಪ್ರಮಾದವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಓದುವ ಬಗೆ ಯಾವುದು? ಡ್ರೆಸ್ಡೆನ್ ನಗರದ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪೆರರ್ ಅವರು ಭಾಷಾವಿದ್ವಾಂಸರು, ಯೆಹೂದಿ ಕುಲದಲ್ಲಿ ಹುಟ್ಟಿದವರು. 1935ರಲ್ಲಿ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಪತ್ರಿಕೆ, ಭಾಷಣ, ಬೀದಿಯ ಮಾತು, ಯಾವುದು ದೊರೆತರೂ ಅದರಲ್ಲಿ ಆಳರಸರ ನುಡಿಯನ್ನು ಅವರು ಪರೀಕ್ಷಿಸಿ ದಿನಚರಿಯಲ್ಲಿ ಗುಪ್ತವಾಗಿ ಬರೆದಿಟ್ಟರು. ಅದು ಸಿಕ್ಕಿಬಿದ್ದಿದ್ದರೆ ಪ್ರಾಣಕ್ಕೇ ಅಪಾಯ. ಹಿಂದೆ ನಿಂದೆಯಾಗಿದ್ದ ‘ಮತಾಂಧ’ನೆಂಬರ್ಥದ ಶಬ್ದವು ಆ ಆಳ್ವಿಕೆಯಲ್ಲಿ ಸ್ತುತಿಯಾಯಿತೆಂಬುದನ್ನು ಅವರು ಗುರುತಿಸಿದರು. ಅದೇ ಆಳ್ವಿಕೆಯ ಕಾಗದಪತ್ರಗಳಲ್ಲಿ ಕೊಲೆಗೆ ‘ವಿಶೇಷ ಉಪಚಾರ’ವೆಂದು ಹೆಸರು! ಶಬ್ದ ಕೆಟ್ಟ ಮೇಲೆ ಬುದ್ಧಿ ಕೆಡುವುದಕ್ಕೆ ತಡವೇನು? ಅವರ ವಿಚಾರಣೆಯ ಫಲವು 1947ರಲ್ಲಿ ಗ್ರಂಥರೂಪವಾಗಿ ಹೊರಬಂದಿತು. ಪೂರ್ವಪಕ್ಷವನ್ನು ಯಥಾವತ್ತಾಗಿ ತಿಳಿದ ಬಳಿಕವೇ ಖಂಡನೆಗೆ ತೊಡಗಬೇಕೆಂಬ ನಮ್ಮ ಶಾಸ್ತ್ರಕಾರರ ಕ್ರಮವೂ ಇದೇ.

ಆದರೆ ನೊಂದವರ ಮಾತನ್ನು ಮರೆಯಲಾಗದು. ಮ್ಯೂನಿಕ್‌ನ ಇತಿಹಾಸ ಸಂಸ್ಥೆಯು ‘ಮೈನ್ ಕಾಂಫ್’ ಗ್ರಂಥಕ್ಕೆ ವಿಮರ್ಶಾತ್ಮಕ ಆವೃತ್ತಿಯನ್ನು ಸಿದ್ಧಪಡಿಸುತ್ತಿದ್ದಾಗ ಹತ್ಯಾಕಾಂಡದಿಂದ ಬದುಕುಳಿದವರು ಆಕ್ಷೇಪಿಸಿದರು. 2013ರಲ್ಲಿ ಬವೇರಿಯ ಸರ್ಕಾರವು ತನ್ನ ಬೆಂಬಲವನ್ನು ಹಿಂತೆಗೆದುಕೊಂಡಿತು. ಆದರೂ ಸಂಸ್ಥೆಯು 2016ರಲ್ಲಿ ಅದನ್ನು 3,500ಕ್ಕೂ ಮಿಕ್ಕ ಟಿಪ್ಪಣಿಗಳೊಡನೆ ಪ್ರಕಟಿಸಿತು. ಸುಳ್ಳಿನ ಮಗ್ಗುಲಲ್ಲಿಯೇ ಸತ್ಯವನ್ನು ನಿಲ್ಲಿಸುವುದು ಸಂಪಾದಕರ ಉದ್ದೇಶ. ಆಕ್ಷೇಪಿಸಿದವರ ಭಯವೂ ನಿರಾಧಾರವಲ್ಲ. ವಿಷವನ್ನು ವೈದ್ಯನು ಹೆಸರು ಬರೆದ ಭರಣಿಯಲ್ಲಿಡುವನು, ಹಾಲಿನ ಪಾತ್ರೆಯಲ್ಲಿಡನು.

ಇನ್ನೊಂದು ಎಚ್ಚರ ಬೇಕು. ಗ್ರಂಥವೊಂದೇ ಅನರ್ಥಕ್ಕೆ ಕಾರಣವಲ್ಲ. ಪುಸ್ತಕವು ಹೊರಬಂದ ಮೇಲೆ, 1928ರ ಚುನಾವಣೆಯಲ್ಲಿ, ಹಿಟ್ಲರನ ಪಕ್ಷಕ್ಕೆ ದೊರೆತುದು ನೂರಕ್ಕೆ ಮೂರಕ್ಕಿಂತ ಕಡಮೆ ಮತ. ನಿರುದ್ಯೋಗವೂ ಹತಾಶೆಯೂ ಹೆಚ್ಚಿದ 1932ರ ಜುಲೈನಲ್ಲಿ ಅದು ನೂರಕ್ಕೆ 37ಕ್ಕೆ ಏರಿತು. ಬೀಜವನ್ನು ನೋಡಿದವನು ನೆಲವನ್ನೂ ನೋಡಬೇಕು. ಹಾಗೆಂದು ಕಾರಣವನ್ನರಿತ ಮಾತ್ರಕ್ಕೆ ಪಾತಕವನ್ನು ಮನ್ನಿಸಿದಂತಾಗದು. ರೋಗದ ಮೂಲವನ್ನು ಬಲ್ಲ ವೈದ್ಯನು ರೋಗದ ಮಿತ್ರನಲ್ಲವಷ್ಟೆ.

ಇಂತಹ ಗ್ರಂಥಗಳನ್ನು ಎಲ್ಲರೂ ಓದಬೇಕಾದುದಿಲ್ಲ. ಬಲಿತ ಬುದ್ಧಿಯವರು, ನೊಂದವರ ಸಾಕ್ಷ್ಯವನ್ನು ಬಳಿಯಲ್ಲಿಟ್ಟುಕೊಂಡು ಓದತಕ್ಕದ್ದು. ಕೌತುಕಕ್ಕಾಗಿ ಓದುವವನು ಕೆಡುವನು. ರಕ್ಷಣೆಗಾಗಿ ಓದುವವನು ತಿಳಿಯುವನು. ಆ ತಿಳಿವಿನ ಪ್ರಥಮ ಪ್ರಯೋಗವು ಪರರ ಮೇಲಲ್ಲ, ಸ್ವಂತ ನಾಲಗೆಯ ಮೇಲೆ. ನಮ್ಮ ಮನೆಯ ಜಗಲಿಯಲ್ಲಿ ಕ್ರೌರ್ಯಕ್ಕೆ ಶೌರ್ಯವೆಂದೂ, ನೆರೆಯವನ ಮೇಲಣ ಹಗೆಗೆ ಅಭಿಮಾನವೆಂದೂ ಹೆಸರಿಡುವುದು ಕೇಳಿಬಂದಲ್ಲಿ, ಆ ಹೆಸರನ್ನು ಅಲ್ಲಿಯೇ ತಿದ್ದುವುದು ಗೃಹಸ್ಥನ ಕರ್ತವ್ಯ.