ಬಹಿಷ್ಕಾರದ ಕಾವಲಿಗೆ ಕೂತವನು

ಹಾಸ್ಟೆಲಿನಲ್ಲಿ ನಮ್ಮ ಜೊತೆ ಒಂದೇ ಚಾಪೆ ಮೇಲೆ ಮಲಗಿ ಓದಿದ ಗೆಳೆಯನೊಬ್ಬ ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಪಾಸು ಮಾಡಿ ಕಸ್ಟಮ್ಸ್ ಇಲಾಖೆ ಸೇರಿದ್ದಾನೆ. ಅವನ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ಅವನು. ನಮ್ಮ ಕೇರಿಯಲ್ಲಿ ನಾವು. ಯುಗಾದಿಗೆ ಊರಿಗೆ ಬಂದಿದ್ದವನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡೀತಾ ಹೇಳಿದ: "ಟ್ರೈನಿಂಗ್ ಆದ್ಮೇಲೆ ರಫ್ತು ಕೇಸುಗಳ ತನಿಖೆ ಕಡೆ ಹಾಕ್ತಾರಂತೆ ಕಣೋ. ಯಾವ ಸಾಮಾನು ಯಾವ ದೇಶಕ್ಕೆ ಹೋಗಬಾರದು ಅಂತ ತಡೆಯೋದು, ಕದ್ದು ಕಳಿಸಿದವರನ್ನ ಹಿಡಿಯೋದು. ಊರೋರು ನಮ್ಮ ಕೇರಿಗೆ ಹಾಕ್ತಿದ್ರಲ್ಲ ಬಹಿಷ್ಕಾರ, ಅದನ್ನೇ ದೇಶ ದೇಶಕ್ಕೆ ಹಾಕೋದು ತಾನೆ?" ಹೇಳಿ ಅವನು ನಕ್ಕ. ನಮಗೆ ನಗು ಬರಲಿಲ್ಲ.

ಯಾಕೆ ಬರಲಿಲ್ಲ ಅಂತ ಹೇಳಬೇಕು. ನಮ್ಮಪ್ಪ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ನಮ್ಮ ಕೇರಿಯವರು ಸತ್ತ ದನ ಹೊರುವುದಿಲ್ಲ ಅಂದರು. ಮೂರನೇ ದಿನಕ್ಕೆ ಊರ ಯಜಮಾನರು ಅರಳಿಕಟ್ಟೆ ಮೇಲೆ ಕೂತು ತೀರ್ಮಾನ ಮಾಡಿದರು. ಕೇರಿಯವರಿಗೆ ಅಂಗಡಿಯಲ್ಲಿ ಉಪ್ಪು, ಸೀಮೆಎಣ್ಣೆ ಕೊಡಬಾರದು. ಮಿಲ್ಲಿನಲ್ಲಿ ರಾಗಿ ಬೀಸಬಾರದು. ಕೂಲಿಗೆ ಕರೆಯಬಾರದು. ಮಾತಾಡಿಸಿದವರಿಗೆ ದಂಡ. ತೀರ್ಮಾನವನ್ನು ಸಾರಬೇಕಲ್ಲ? ತಮಟೆ ಹೊಡೆದು ಸಾರಿದವನು ನಮ್ಮ ತಾತ. ಅವನು ಊರಿನ ತೋಟಿ. 1961ರ ಕಾಯ್ದೆ ತೋಟಿ ಕೆಲಸವನ್ನು ಕಾಗದದಲ್ಲಿ ರದ್ದು ಮಾಡಿತ್ತು, ಊರಿನಲ್ಲಿ ಆಗಿರಲಿಲ್ಲ. ತನ್ನ ಹೆಂಡತಿ ಮಕ್ಕಳಿಗೆ ಉಪ್ಪು ಕೊಡಬೇಡಿ ಅಂತ ತಾನೇ ಬೀದಿ ಬೀದಿ ಸಾರಿದ. ಆಮೇಲೆ ಅಂಗಡಿ ಮುಂದೆ ಕಾವಲು ಕೂರುವುದೂ ಅವನ ತಲೆಗೇ ಬಿತ್ತು. ಒಂದು ರಾತ್ರಿ ಅಂಗಡಿಯವನ ತಾಯಿ ಹಿತ್ತಲ ಗೋಡೆ ಮೇಲಿಂದ ನಮ್ಮ ಕೇರಿಯ ಬಾಣಂತಿಯೊಬ್ಬಳ ಕೈಗೆ ಪೊಟ್ಟಣವೊಂದನ್ನು ಇಳಿಸಿದ್ದನ್ನು ತಾತ ನೋಡಿದ. ನೋಡಿ, ಬೀಡಿ ಹಚ್ಚಿಕೊಂಡು, ಆ ಕಡೆ ತಿರುಗಿ ಕೂತ.

ಗೆಳೆಯರೇ, ಈ ತಾತನನ್ನು ಎದುರಿಗೆ ಇಟ್ಟುಕೊಂಡೇ ನಾವು ಈ ಪ್ರಶ್ನೆ ಕೇಳುತ್ತಿದ್ದೇವೆ. ಬೇರೆಯವರು ಹಾಕಿದ ಬಹಿಷ್ಕಾರವನ್ನು ಕಾಯುವವನಿಗೆ ಅದರ ಪಾಪದಲ್ಲಿ ಪಾಲಿದೆಯೇ? ಅದರ ಪುಣ್ಯದಲ್ಲಾದರೂ ಪಾಲಿದೆಯೇ?

ಕೆಲಸ ಎಂಥದು ಅಂತ ಮೊದಲು ತಿಳಿಯೋಣ. ಅಮೆರಿಕದಲ್ಲಿ ವಾಣಿಜ್ಯ ಇಲಾಖೆಯೊಳಗೇ ಇದಕ್ಕೊಂದು ಪಡೆ ಇದೆ. ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಬಂಧಿಸುವ ಅಧಿಕಾರ. ಆದರೆ ದಿನವೆಲ್ಲ ಅವರು ನೋಡುವುದು ಕಾಗದ: ಇನ್‌ವಾಯ್ಸು, ಬಿಲ್ ಆಫ್ ಲೇಡಿಂಗು, ಮಾಲು ಕೊನೆಗೆ ಯಾರ ಕೈ ಸೇರುತ್ತದೆ ಅಂತ ಕೊಳ್ಳುವವನು ಬರೆದುಕೊಟ್ಟ ಮುಚ್ಚಳಿಕೆ. ಯಾವುದನ್ನು ಕಂಡರೆ ಅನುಮಾನ ಪಡಬೇಕು ಅಂತ ಆ ಇಲಾಖೆ ವ್ಯಾಪಾರಿಗಳಿಗೆ ಒಂದು ಪಟ್ಟಿ ಕೊಟ್ಟಿದೆ. ದೊಡ್ಡ ಮೊತ್ತಕ್ಕೂ ರೊಕ್ಕ ಎಣಿಸಿ ಕೊಡುವ ಗಿರಾಕಿ, ಯಂತ್ರ ಕೂರಿಸಿಕೊಡುತ್ತೇವೆ ಅಂದರೂ ಬೇಡ ಅನ್ನುವವನು, ಸರಕು ಸಾಗಿಸುವ ಏಜೆಂಟನ ವಿಳಾಸವನ್ನೇ ಕೊನೆಯ ವಿಳಾಸ ಅಂತ ಕೊಟ್ಟವನು. ಬ್ರೆಡ್ಡು ಸುಡುವ ಸಣ್ಣ ಬೇಕರಿಯೊಂದು ಭಾರೀ ಕಂಪ್ಯೂಟರಿಗೆ ಆರ್ಡರ್ ಕೊಟ್ಟರೆ ಹೇಗೆ ಅನ್ನುವ ಉದಾಹರಣೆಯೂ ಅದರಲ್ಲಿದೆ. ನಮ್ಮಲ್ಲಿ ಇದು ಕಸ್ಟಮ್ಸಿನವರ, 1957ರಲ್ಲಿ ಶುರುವಾದ ಕಂದಾಯ ಗುಪ್ತಚರ ನಿರ್ದೇಶನಾಲಯದವರ ಪಾಲಿನ ಕೆಲಸ. ಎರಡು ಬಗೆಯಲ್ಲೂ ಬಳಕೆಗೆ ಬರುವ ಸಾಮಾನುಗಳಿಗೆ ಸ್ಕೋಮೆಟ್ ಅನ್ನುವ ಪಟ್ಟಿ ಇದೆ. 2005ರಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ಮೇಲೆ ಕಾಯ್ದೆಯೂ ಬಂತು.

ಕಾಗದ ಸುಳ್ಳು ಹೇಳುತ್ತದೆ. 1999ರ ಜೂನ್ ಕೊನೆ, ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗ, ಉತ್ತರ ಕೊರಿಯಾದ ಕು ವೋಲ್ ಸಾನ್ ಅನ್ನುವ ಹಡಗು ಸಕ್ಕರೆ ಇಳಿಸಲು ಗುಜರಾತಿನ ಕಾಂಡ್ಲಾಕ್ಕೆ ಬಂತು. ಸಕ್ಕರೆಯ ಜೊತೆ ಪೆಟ್ಟಿಗೆಗಳೂ ಇದ್ದವು. ಅದರ ಮೇಲಿದ್ದ ಹೆಸರು, ನೀರು ಶುದ್ಧ ಮಾಡುವ ಯಂತ್ರ. ತೆಗೆಯಲು ಹೋದ ಕಸ್ಟಮ್ಸಿನವರನ್ನು ಹಡಗಿನವರು ಅಡ್ಡಗಟ್ಟಿ ತಡೆದರು. ಕೊನೆಗೆ ತೆಗೆದಾಗ ಒಳಗೆ ಕ್ಷಿಪಣಿಯ ಭಾಗಗಳು, ನಕ್ಷೆಗಳು. ಸಂಬಳಕ್ಕೆ ದುಡಿಯುವ ಒಬ್ಬ ಗುಮಾಸ್ತ ಆ ಹೊತ್ತು "ಯಾಕೆ ಬೇಕು ಉಸಾಬರಿ" ಅಂತ ಸೀಲು ಒತ್ತಿದ್ದರೆ ಅದು ದಾಟಿಹೋಗುತ್ತಿತ್ತು.

ಇನ್ನೊಂದು ಕೇಸು ನಮ್ಮ ನಿದ್ದೆ ಕೆಡಿಸಿದ್ದು. ಥಯೋಡೈಗ್ಲೈಕಾಲ್ ಅನ್ನುವ ರಾಸಾಯನಿಕ. ಬಟ್ಟೆಗೆ ಬಣ್ಣ ಹಾಕಲೂ ಬರುತ್ತದೆ, ಮಸ್ಟರ್ಡ್ ಗ್ಯಾಸ್ ಮಾಡಲೂ ಬರುತ್ತದೆ. ಫ್ರಾನ್ಸ್ ವಾನ್ ಆನ್ರಾತ್ ಅನ್ನುವ ಡಚ್ ವ್ಯಾಪಾರಿ ಸಾವಿರ ಟನ್ನಿಗೂ ಹೆಚ್ಚು ಅದನ್ನು ಸದ್ದಾಂ ಹುಸೇನನ ಇರಾಕಿಗೆ ಮಾರಿದ. 1988ರ ಮಾರ್ಚ್ 16ರಂದು ಹಲಬ್ಜಾ ಅನ್ನುವ ಕುರ್ದರ ಊರಿನ ಮೇಲೆ ವಿಷಾನಿಲ ಬಿತ್ತು. ಸುಮಾರು 5,000 ಜನ ಸತ್ತರು. ಮಗುವನ್ನು ಎದೆಗವಚಿಕೊಂಡು ಬಾಗಿಲ ಮುಂದೆ ಸತ್ತುಬಿದ್ದ ಅಪ್ಪನ ಚಿತ್ರವನ್ನು ನೀವೂ ನೋಡಿರಬಹುದು. ಅಮೆರಿಕದ ಕಸ್ಟಮ್ಸ್ ತನಿಖೆದಾರರು ಪೀಪಾಯಿಗಳ ಜಾಡು ಹಿಡಿದು ಹೋದರು. ಅವರ ಕೋರಿಕೆ ಮೇಲೆ 1989ರಲ್ಲಿ ಇಟಲಿಯಲ್ಲಿ ಅವನನ್ನು ಹಿಡಿದರೂ ಎರಡು ತಿಂಗಳಲ್ಲಿ ಹೊರಗೆ ಬಂದು ಇರಾಕಿಗೆ ಓಡಿದ. 2003ರವರೆಗೆ ಅಲ್ಲೇ ಇದ್ದ. ಕಡೆಗೆ 2005ರ ಡಿಸೆಂಬರಿನಲ್ಲಿ ಹೇಗ್ ನಗರದ ಕೋರ್ಟು ಯುದ್ಧಾಪರಾಧದಲ್ಲಿ ಪಾಲುಗಾರ ಅಂತ 15 ವರ್ಷ ಶಿಕ್ಷೆ ಕೊಟ್ಟಿತು. 2007ರ ಅಪೀಲಿನಲ್ಲಿ ಅದು 17 ಆಯಿತು. ನರಮೇಧದ ಆರೋಪ ಮಾತ್ರ ನಿಲ್ಲಲಿಲ್ಲ, ಆ ಉದ್ದೇಶ ಅವನಿಗೆ ತಿಳಿದಿತ್ತು ಅಂತ ರುಜುವಾತಾಗಲಿಲ್ಲ. ಆಜ್ಞೆ ಕೊಟ್ಟವನು ನಾನಲ್ಲ ಅನ್ನುವುದು ಅವನ ವಾದ. ಊರ ಯಜಮಾನರಿಗೆ ಸೀಮೆಎಣ್ಣೆ ಕೊಟ್ಟ ಅಂಗಡಿಯವನೂ ಗುಡಿಸಲು ಸುಟ್ಟ ಮೇಲೆ ಇದನ್ನೇ ಹೇಳುತ್ತಾನೆ. ಇಂಥ ವ್ಯಾಪಾರವನ್ನು ತಡೆಯಲು ಕೂತವನ ಕೈಗೆ ನಾವು ಮುತ್ತು ಕೊಡುತ್ತೇವೆ. ಅವನು ಇನ್ನೊಂದು ವರ್ಷ ಮುಂಚೆ ಬಂದಿರಬೇಕಿತ್ತು, ಅಷ್ಟೆ.

ಸರಿ, ಹಾಗಾದರೆ ಎಲ್ಲ ಬಹಿಷ್ಕಾರವೂ ಒಂದೇ ಅನ್ನುವ ಗೆಳೆಯನ ಮಾತು ತಪ್ಪು. ದಕ್ಷಿಣ ಆಫ್ರಿಕಾವನ್ನು ನೋಡಿ. ಅಲ್ಲಿನ ವರ್ಣಭೇದದ ವಿರುದ್ಧ 1946ರಲ್ಲೇ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ಭಾರತ. (ಅದೇ ವರ್ಷ ಅದೇ ಭಾರತದ ಎಷ್ಟು ಹಳ್ಳಿಗಳಲ್ಲಿ ಕೇರಿಗೆ ಉಪ್ಪು ನಿಂತಿತ್ತೋ!) 1959ರಲ್ಲಿ ಆಲ್ಬರ್ಟ್ ಲುಥುಲಿ ತನ್ನ ದೇಶದ ಸರಕು ಕೊಳ್ಳಬೇಡಿ ಅಂತ ತಾನೇ ಹೊರಗಿನವರನ್ನು ಕೇಳಿಕೊಂಡರು. ಕರಿಯ ಜನರಿಗೂ ಅದರಿಂದ ಕಷ್ಟವಾಗುತ್ತದೆ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. ಹಸಿವನ್ನು ಹೊರುವವರೇ ಹಸಿವನ್ನು ಆರಿಸಿಕೊಂಡರು. 1977ರ ನವೆಂಬರಿನಲ್ಲಿ ವಿಶ್ವಸಂಸ್ಥೆ ಆ ಸರ್ಕಾರಕ್ಕೆ ಆಯುಧ ಮಾರುವುದನ್ನು ಕಡ್ಡಾಯವಾಗಿ ನಿಷೇಧಿಸಿತು. ಆಗ ಫಿರಂಗಿ ತಜ್ಞ ಜೆರಾಲ್ಡ್ ಬುಲ್‌ನ ಕಂಪನಿ ಫಿರಂಗಿ ಗುಂಡುಗಳನ್ನು ಕೆರಿಬಿಯನ್ನಿನ ಆಂಟಿಗುವಾ ದ್ವೀಪದ ಮೂಲಕ ದಕ್ಷಿಣ ಆಫ್ರಿಕಾಕ್ಕೆ ಸಾಗಿಸಿತು. ಗುಟ್ಟು ಬಯಲಿಗೆ ಬಂದದ್ದು ಆ ದ್ವೀಪದ ಬಂದರಿನ ಹಮಾಲಿಗಳ ಕಣ್ಣಿಗೆ ಗುಂಡುಗಳು ಬಿದ್ದು. ಬೆನ್ನ ಮೇಲೆ ಮೂಟೆ ಹೊರುವ ಕರಿಯ ಜನ! ತನಿಖೆದಾರರು ಬಂದದ್ದು ಆಮೇಲೆ. 1980ರಲ್ಲಿ ಬುಲ್ ತಪ್ಪೊಪ್ಪಿಕೊಂಡು ಜೈಲಿಗೆ ಹೋದ, ಕೆಲವೇ ತಿಂಗಳಲ್ಲಿ ಹೊರಬಂದ, ಕಡೆಗೆ ಸದ್ದಾಮನಿಗೆ ಮಹಾ ಫಿರಂಗಿ ಕಟ್ಟಿಕೊಡಲು ಹೊರಟ.

ಇದರ ಎದುರಿಗೆ ಇರಾಕನ್ನು ಇಡಿ. 1990ರ ಆಗಸ್ಟ್ 6ರಂದು ವಿಶ್ವಸಂಸ್ಥೆ ಹಾಕಿದ ದಿಗ್ಬಂಧನ 2003ರವರೆಗೆ ನಡೆಯಿತು. ಇದನ್ನು ಇರಾಕಿನ ಜನ ಕೇಳಿರಲಿಲ್ಲ. ನೀರಿಗೆ ಹಾಕುವ ಕ್ಲೋರಿನ್ನಿನಿಂದ ವಿಷಾನಿಲ ಮಾಡಬಹುದು ಅಂತ ಅದಕ್ಕೂ ಕಡಿವಾಣ ಬಿತ್ತು. ಸದ್ದಾಮನ ಅರಮನೆಯಲ್ಲಿ ನೀರಿಗೆ ಬರವಿರಲಿಲ್ಲ. 1996ರಲ್ಲಿ ಟಿವಿಯವರು ಅಮೆರಿಕದ ರಾಯಭಾರಿ ಮೆಡಲೀನ್ ಆಲ್‌ಬ್ರೈಟರನ್ನು, ಐದು ಲಕ್ಷ ಮಕ್ಕಳು ಸತ್ತಿದ್ದಾರಂತೆ, ಈ ಬೆಲೆ ತೆರಬಹುದೇ ಅಂತ ಕೇಳಿದರು. ತೆರಬಹುದು ಅಂತ ಆಕೆ ಉತ್ತರ ಕೊಟ್ಟರು. ಆ ಐದು ಲಕ್ಷದ ಲೆಕ್ಕ ಆಮೇಲೆ ನಿಲ್ಲಲಿಲ್ಲ. ಇರಾಕ್ ಸರ್ಕಾರವೇ ಅಂಕಿಗಳನ್ನು ತಿದ್ದಿತ್ತು ಅಂತ ನಂತರದ ಸಮೀಕ್ಷೆಗಳಿಂದ ತಿಳಿದಿದೆ. ಇದನ್ನು ನಮ್ಮವರು ಮುಚ್ಚಿಟ್ಟು ಭಾಷಣ ಮಾಡಬಾರದು. ಆದರೆ ಆಕೆ ಆ ದಿನ ಲೆಕ್ಕವನ್ನು ಪ್ರಶ್ನಿಸಲಿಲ್ಲ, ಒಪ್ಪಿಕೊಂಡೇ ಉತ್ತರ ಕೊಟ್ಟರು. ಆ ಉತ್ತರ ನಿಂತಿದೆ. ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ನೆರವು ನೋಡಿಕೊಳ್ಳುತ್ತಿದ್ದ ಡೆನಿಸ್ ಹಾಲಿಡೆ 1998ರಲ್ಲಿ ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದ ಹಾನ್ಸ್ ಫಾನ್ ಸ್ಪೊನೆಕ್ 2000ದಲ್ಲಿ ಬಿಟ್ಟರು.

ದೊಡ್ಡ ಕುರ್ಚಿಯವರು ಬಿಡಬಹುದು. ನಮ್ಮ ಗೆಳೆಯನ ಸಂಬಳದಲ್ಲಿ ತಂಗಿಯ ಓದು, ಅಪ್ಪನ ಸಾಲ ಇದೆ. ಅವನಿಗೆ 'ಆತ್ಮಸಾಕ್ಷಿಗೆ ಅಂಜಿ ರಾಜೀನಾಮೆ ಕೊಡು' ಅಂತ ಹೇಳಲು ನಾವು ಯಾರು? ತಾತನಿಗೂ ಯಾರೂ ಹಾಗೆ ಹೇಳಲಿಲ್ಲ, ಹೇಳಿದ್ದರೆ ಅವನಿಗೆ ನಗು ಬರುತ್ತಿತ್ತು. ಆದರೆ ಒಂದು ಪ್ರಸಂಗ ಕೇಳಿ. ಶಿಕಾಗೋದ ವಾಯ್ಸಸ್ ಇನ್ ದ ವಿಲ್ಡರ್ನೆಸ್ ಅನ್ನುವ ಗುಂಪಿನವರು 1996ರಿಂದ ಲೈಸೆನ್ಸಿಲ್ಲದೆ, ಎಲ್ಲರಿಗೂ ಹೇಳಿಯೇ, ಇರಾಕಿನ ಆಸ್ಪತ್ರೆಗಳಿಗೆ ಔಷಧಿ ಹೊತ್ತುಕೊಂಡು ಹೋದರು. ಅವರಿಗೆ 20,000 ಡಾಲರ್ ದಂಡ ಬಿತ್ತು. 2005ರಲ್ಲಿ, ದಿಗ್ಬಂಧನ ಸತ್ತು ಎರಡು ವರ್ಷವಾದ ಮೇಲೆ, ಕೋರ್ಟು ಅದನ್ನು ಎತ್ತಿಹಿಡಿಯಿತು. ಅವರು ಕಟ್ಟುವುದಿಲ್ಲ ಅಂದರು. ನಮಗೆ ಕಾಡುವುದು ಕೋರ್ಟಲ್ಲ. ಆ ಕಡತವನ್ನು ಒಂದು ದಿನ ಯಾವನೋ ಒಬ್ಬ ನೌಕರ ಬೀರುವಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿರಬೇಕಲ್ಲ. ಅವನ ಮೇಜಿನ ಮೇಲೆ ಬೇರೆ ಕಡತ ಇರಲಿಲ್ಲವೇ?

ಇದ್ದೇ ಇರುತ್ತವೆ. ಯಾವುದನ್ನು ಮೊದಲು ಬಿಚ್ಚಬೇಕು ಅನ್ನುವಲ್ಲೇ ಈ ಕೆಲಸದ ನ್ಯಾಯ ಅನ್ಯಾಯ ಕೂತಿದೆ ಅಂತ ನಮಗೆ ಅನ್ನಿಸುತ್ತದೆ. ಸುಡಾನ್, ಇರಾನ್, ಕ್ಯೂಬಾ ದಿಗ್ಬಂಧನ ಮುರಿದದ್ದಕ್ಕೆ ಬಿಎನ್‌ಪಿ ಪರಿಬಾ ಅನ್ನುವ ಫ್ರಾನ್ಸಿನ ಬ್ಯಾಂಕು 2014ರಲ್ಲಿ ತಪ್ಪೊಪ್ಪಿಕೊಂಡು ಸುಮಾರು 890 ಕೋಟಿ ಡಾಲರ್ ಕಟ್ಟಿತು. ಒಬ್ಬ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ. ಬೆಂಗಳೂರಿನಲ್ಲೂ ಕಚೇರಿ ಇಟ್ಟಿದ್ದ ಒಂದು ಸಣ್ಣ ಕಂಪನಿಯ ಯಜಮಾನ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಸಿಂಗಾಪುರದ ಮೂಲಕ ನಮ್ಮ ಸರ್ಕಾರದ ರಾಕೆಟ್, ಕ್ಷಿಪಣಿ ಸಂಸ್ಥೆಗಳಿಗೆ ಕಳಿಸಿದ್ದಕ್ಕೆ 2008ರಲ್ಲಿ ಅಮೆರಿಕದಲ್ಲಿ 35 ತಿಂಗಳು ಜೈಲು. 1998ರ ಪೋಖ್ರಾಣ್ ಸ್ಫೋಟದ ನಂತರ ನಮ್ಮ ಬೆಂಗಳೂರಿನ ಇಸ್ರೋ ಕೂಡ ಅಮೆರಿಕದ ಪಟ್ಟಿಗೆ ಸೇರಿತ್ತು, ಪೂರ್ತಿ ಹೊರಬಂದದ್ದು 2011ರಲ್ಲಿ. ಆಗ ನಮ್ಮ ಮೇಲ್ವರ್ಗದ ಪತ್ರಿಕೆಗಳೆಲ್ಲ "ಅಸ್ಪೃಶ್ಯತೆ" ಅಂತ ಗೋಳಾಡಿದವು. ಪರಮಾಣು ಅಸ್ಪೃಶ್ಯತೆ, ತಂತ್ರಜ್ಞಾನದ ಅಸ್ಪೃಶ್ಯತೆ! ನಮ್ಮ ಪದವನ್ನು ಕೇಳದೆ ಒಯ್ದು ಬಳಸಿಕೊಂಡವರು ನಮ್ಮ ಅನುಭವವನ್ನು ಒಂದು ದಿನಕ್ಕಾದರೂ ಒಯ್ದಿದ್ದರೆ ಚೆನ್ನಾಗಿತ್ತು.

ಸಾಮಾಜಿಕ ಬಹಿಷ್ಕಾರ ಅಪರಾಧ ಆಗಬೇಕು ಅಂತ ಬಾಬಾಸಾಹೇಬರು ದುಂಡುಮೇಜಿನ ಪರಿಷತ್ತಿನಲ್ಲೇ ಬರೆದುಕೊಟ್ಟರು. 1922ರ ಬರ್ಮಾದ ಕಾನೂನನ್ನು ಮಾದರಿಯಾಗಿ ಮುಂದಿಟ್ಟರು. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಅನ್ನುವ ಪದ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಎಂಬತ್ತು ವರ್ಷಕ್ಕೂ ಮೇಲೆ! ಲೋಕದ ದೊಡ್ಡ ಅರಳಿಕಟ್ಟೆಗೂ ಬುದ್ಧಿ ಬರಲು ಹಾಗೆಯೇ ತಡವಾಯಿತು. ಯಾರ ಮೇಲೆ ನಿರ್ಬಂಧ ಇದ್ದರೂ ಅನ್ನ, ಔಷಧಿ ಮುಟ್ಟಿಸುವವರನ್ನು ತಪ್ಪಿತಸ್ಥರೆನ್ನಬಾರದು ಅಂತ ಭದ್ರತಾ ಮಂಡಳಿ 2022ರ ಡಿಸೆಂಬರಿನಲ್ಲಿ 2664ನೇ ನಿರ್ಣಯ ಮಾಡಿತು. ಹದಿನಾಲ್ಕು ದೇಶ ಪರವಾಗಿ ಕೈ ಎತ್ತಿದವು. ಎತ್ತದೆ ಉಳಿದದ್ದು ಒಂದೇ ಒಂದು, ಭಾರತ. ನೆರವಿನ ಹೆಸರಿನಲ್ಲಿ ಭಯೋತ್ಪಾದಕರು ಲಾಭ ಪಡೆಯುತ್ತಾರೆ ಅನ್ನುವುದು ಕಾರಣ. ಕಾರಣವನ್ನು ನಾವು ಹಗುರ ಮಾಡುವುದಿಲ್ಲ, ಕಾಂಡ್ಲಾದ ಪೆಟ್ಟಿಗೆ ಮೇಲೂ 'ನೀರು ಶುದ್ಧ ಮಾಡುವ ಯಂತ್ರ' ಅಂತಲೇ ಬರೆದಿತ್ತು. ಒಂದು ಕಡೆ ನೀರಿನ ಹೆಸರಿನಲ್ಲಿ ಕ್ಷಿಪಣಿ, ಇನ್ನೊಂದು ಕಡೆ ಕ್ಷಿಪಣಿಯ ಹೆಸರಿನಲ್ಲಿ ನೀರಿಗೇ ತಡೆ. ಈ ಎರಡರ ನಡುವೆ ನಮ್ಮ ಗೆಳೆಯ ಬಿಳೀ ಯೂನಿಫಾರ್ಮು ಹಾಕಿಕೊಂಡು ನಿಲ್ಲಬೇಕು.

ಮೊನ್ನೆ ಫೋನ್ ಮಾಡಿದ್ದ. ಟ್ರೈನಿಂಗ್ ಮುಗೀತಂತೆ. ಈ ಲೇಖನ ಬರೀತಿದೀವಿ ಅಂತ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲ ಇರ್ಲಿ. ಆ ಪೊಟ್ಟಣದಲ್ಲಿ ಉಪ್ಪೇ ಐತೆ ಅಂತ ನಿಮ್ಮ ತಾತಂಗೆ ಹೆಂಗೋ ಗೊತ್ತಾಯ್ತು?" ಅಂದ. ನಮಗೆ ಅದು ಹೊಳೆದೇ ಇರಲಿಲ್ಲ. ತಾತ ಈಗಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆವು. ಅಪ್ಪ ತುತ್ತು ಮುರಿಯುತ್ತಾ, "ಆಯಮ್ಮನ್ನ ನಿಮ್ಮ ತಾತ ಚಿಕ್ಕೋನಾಗಿದ್ದಾಗಿಂದ ನೋಡಿದ್ದ ಕಣ್ಲಾ" ಅಂದರು.